ಪದ್ಯ ಬರೆದವಳಿಗೆ ಕುರ್ಚಿ

ಮಕ್ಕಳ ಶಾಲೆಯಿಂದ ವರ್ಷದ ಕೊನೆಯ ಸುದ್ದಿಪತ್ರ ಬಂದಿದೆ. ಹನ್ನೆರಡು ಪುಟ, ಪುಟದ ತುಂಬ ಫೋಟೋ. ನಾವಿರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಮಗ ಇಯರ್ 10, ಮಗಳು ಇಯರ್ 8. ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸು, ಏಳನೇ ಕ್ಲಾಸು. ಕೆಸರಲ್ಲಿ ಮುಳುಗೆದ್ದ ರಗ್ಬಿ ತಂಡ, ವೃದ್ಧಾಶ್ರಮದಲ್ಲಿ ಹಾಡಿದ ಕಾಯರ್ ಮಕ್ಕಳು, ಕೇಕ್ ಮಾರಿ ಫುಡ್ ಬ್ಯಾಂಕಿಗೆ ದುಡ್ಡು ಕೊಟ್ಟವರು, ಬೆಟ್ಟದ ಮೇಲೆ ಮಳೆಯಲ್ಲಿ ನೆನೆದು ನಗುತ್ತಿರುವವರು. ನಮ್ಮ ಯಜಮಾನರು ಹಿಂದೆ ಮುಂದೆ ಎರಡು ಸಲ ತಿರುಗಿಸಿ ನೋಡಿ, "ಎಲ್ಲ ಸರಿ, ಯಾರಿಗೆ ಎಷ್ಟು ಮಾರ್ಕ್ಸ್ ಬಂತು ಅಂತ ಎಲ್ಲಿ ಹಾಕಿದ್ದಾರೆ?" ಅಂದರು.

ಎಲ್ಲೂ ಹಾಕಿಲ್ಲ. ಮಾರ್ಕ್ಸ್‌ಗೆ ಇಲ್ಲಿ ಆಗಸ್ಟ್‌ನಲ್ಲಿ ಎರಡು ಗುರುವಾರ ಇವೆ. ಒಂದು ಎ ಲೆವೆಲ್‌ಗೆ (ನಮ್ಮ ಪಿಯುಸಿ ಥರ), ಇನ್ನೊಂದು ಜಿಸಿಎಸ್‌ಇಗೆ (ನಮ್ಮ ಎಸ್ಸೆಸ್ಸೆಲ್ಸಿ ಥರ). ಆ ಎರಡು ದಿನ ಅಳು ನಗು ಎಲ್ಲ ಆಗುತ್ತೆ, ಆಮೇಲೆ ಮುಗೀತು. ಶಾಲೆಗಳಿಗೆ ರ‍್ಯಾಂಕ್ ಕಟ್ಟುವ ಪಟ್ಟಿಯನ್ನು ವೇಲ್ಸ್ ಸರ್ಕಾರ 2001ರಲ್ಲೇ ನಿಲ್ಲಿಸಿತು. ಪಕ್ಕದ ಇಂಗ್ಲೆಂಡ್‌ನಲ್ಲಿ ಇನ್ನೂ ಇದೆ.

ಸುದ್ದಿಪತ್ರದ ಏಳನೇ ಪುಟದಲ್ಲಿ ಒಂದು ಫೋಟೋ ಇದೆ. ಹತ್ತನೇ ಕ್ಲಾಸಿನ ವಯಸ್ಸಿನ ಒಬ್ಬ ಹುಡುಗಿ ಮರದ ಕುರ್ಚಿಯಲ್ಲಿ ಕೂತಿದ್ದಾಳೆ. ಕಿವಿವರೆಗೂ ಕೆಂಪಾಗಿದ್ದಾಳೆ. ಅವಳ ತಲೆ ಮೇಲೆ ಇಬ್ಬರು ಹುಡುಗರು ಮರದ ಕತ್ತಿಯೊಂದನ್ನು ಹಿಡಿದಿದ್ದಾರೆ. ಅವತ್ತು ನಾನೂ ಆ ಹಾಲ್‌ನಲ್ಲಿದ್ದೆ. ಇದನ್ನು ಬರೆಯೋಕೆ ಕೂತಿದ್ದೇ ಆ ಕುರ್ಚಿಯಿಂದ.

ಕುರ್ಚಿ ಅಂದ ಕೂಡಲೇ ನಮಗೆ ವಿಧಾನಸೌಧ ಕಣ್ಮುಂದೆ ಬರುತ್ತೆ, ಅಲ್ವಾ? ಇಲ್ಲಿ ಕುರ್ಚಿ ಸಿಗುವುದು ಪದ್ಯ ಬರೆದವರಿಗೆ. ಮಾರ್ಚ್ 1 ಸಂತ ಡೇವಿಡ್‌ನ ದಿನ. ಅದರ ಆಸುಪಾಸಿನಲ್ಲಿ ವೇಲ್ಸ್‌ನ ಎಷ್ಟೋ ಶಾಲೆಗಳಲ್ಲಿ ಐಸ್ಟೆದ್‌ವೊಡ್ ನಡೆಯುತ್ತೆ. ಹಾಡು, ಪದ್ಯ ಓದುವುದು, ಕುಣಿತ, ಚಿತ್ರ, ಅಡುಗೆ, ಎಲ್ಲದರಲ್ಲೂ ಸ್ಪರ್ಧೆ. ಶಾಲೆಯನ್ನು ಹೌಸ್‌ಗಳಾಗಿ ಹಂಚಿರುತ್ತಾರೆ, ಗಂಟಲು ಹರಿಯುವಷ್ಟು ಕೂಗಾಟ ಇರುತ್ತೆ. 'ಐಸ್ಟೆದ್' ಅಂದ್ರೆ ವೆಲ್ಷ್ ಭಾಷೆಯಲ್ಲಿ ಕೂರುವುದು. ನಮ್ಮ ಸಂಗೀತದವರು ಬೈಠಕ್ ಅನ್ನುತ್ತಾರಲ್ಲ, ಹಾಗೆ. 1176ರಲ್ಲಿ ಲಾರ್ಡ್ ರೀಸ್ ಎಂಬ ದೊರೆ ಕಾರ್ಡಿಗನ್ ಕೋಟೆಯಲ್ಲಿ ಇಂಥದ್ದೊಂದು ಕೂಟ ನಡೆಸಿ, ಗೆದ್ದ ಕವಿಗೆ ಒಂದು, ಗೆದ್ದ ಸಂಗೀತಗಾರನಿಗೆ ಒಂದು ಕುರ್ಚಿ ಕೊಟ್ಟನಂತೆ. ಅಲ್ಲಿಂದ ಹಿಡಿದುಕೊಂಡು ಬಂದ ಪದ್ಧತಿ ಇದು.

ಪದ್ಯವನ್ನು ಸ್ವಂತ ಹೆಸರಿನಲ್ಲಿ ಕಳಿಸುವ ಹಾಗಿಲ್ಲ. ಒಂದು ಗುಟ್ಟಿನ ಹೆಸರು ಇಟ್ಟುಕೊಳ್ಳಬೇಕು. ತೀರ್ಪುಗಾರರು ವೇದಿಕೆ ಮೇಲೆ ಆ ಹೆಸರು ಕರೆಯುತ್ತಾರೆ, ಟ್ರಂಪೆಟ್ ಊದುತ್ತಾರೆ. ಆಗ ಬರೆದವರು ಮಾತ್ರ ಎದ್ದು ನಿಲ್ಲಬೇಕು. ಸಾವಿರಕ್ಕಿಂತ ಜಾಸ್ತಿ ಮಕ್ಕಳು ತುಂಬಿದ ಹಾಲ್‌ನಲ್ಲಿ ಪಿನ್ ಡ್ರಾಪ್ ಸೈಲೆನ್ಸ್. ಎಲ್ಲರ ಕತ್ತೂ ಆ ಕಡೆ ಈ ಕಡೆ ತಿರುಗುತ್ತಿತ್ತು. ಕೊನೆಯಿಂದ ಎರಡನೇ ಸಾಲಲ್ಲಿ ಈ ಹುಡುಗಿ ಎದ್ದಳು. ಅವಳ ಪಕ್ಕದವಳಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತೆ, ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇವಳನ್ನು ಕರೆದುಕೊಂಡು ಬಂದು ಕೂರಿಸಿದರು. ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, "ಆ ಓಯ್ಸ್ ಹೆದ್ದುಖ್?" ಅಂತ ಕೇಳಿದರು. ಶಾಂತಿ ಇದೆಯೇ? ಇಡೀ ಹಾಲ್ "ಹೆದ್ದುಖ್!" ಅಂತ ಕೂಗಿತು. ಮೂರು ಸಲ. ಮೂರನೇ ಸಲ ನಾನೂ ಕೂಗಿದೆ. ಪಕ್ಕದಲ್ಲಿದ್ದ ಮಗಳ ಗೆಳತಿಯ ಅಮ್ಮ ನಕ್ಕರು. ನಗಲಿ ಬಿಡಿ.

ಆ ಕುರ್ಚಿಯನ್ನು ಶಾಲೆಯ ಮರಗೆಲಸದ ಕ್ಲಾಸಿನ ಮಕ್ಕಳೇ ಮಾಡಿದ್ದರು. ಹಿಂದಿನ ವಾರ ಅದಕ್ಕೆ ಪಾಲಿಷ್ ಹೊಡೆದವರಲ್ಲಿ ನನ್ನ ಮಗನೂ ಒಬ್ಬ. ಪದ್ಯ ಅಂದ್ರೆ ದೂರ ಓಡುವವನು ಅವನು. ಆದರೆ ಕುರ್ಚಿಯಲ್ಲಿ ಯಾರು ಕೂರ್ತಾರೆ ಅಂತ ನೋಡೋಕೆ ಕತ್ತು ಉದ್ದ ಮಾಡಿದ್ದವರಲ್ಲಿ ಮೊದಲಿಗ.

ಈ ಕುರ್ಚಿಯ ಹಿಂದೆ ಒಂದು ಕತೆ ಇದೆ. ಇಲ್ಲಿನ ಪ್ರತಿ ಮಗುವಿಗೂ ಗೊತ್ತು. 1917ರ ಸೆಪ್ಟೆಂಬರ್ 6. ರಾಷ್ಟ್ರೀಯ ಐಸ್ಟೆದ್‌ವೊಡ್ ಆ ವರ್ಷ ಬರ್ಕನ್‌ಹೆಡ್‌ನಲ್ಲಿ ನಡೆದಿತ್ತು, ಪ್ರಧಾನಿ ಲಾಯ್ಡ್ ಜಾರ್ಜ್ ಕೂಡ ಬಂದಿದ್ದರು. ಗೆದ್ದ ಕವಿಯ ಗುಟ್ಟಿನ ಹೆಸರು ಕರೆದರು, ಯಾರೂ ಏಳಲಿಲ್ಲ. ಮೂರು ಸಲ ಟ್ರಂಪೆಟ್ ಊದಿದರೂ ಯಾರೂ ಏಳಲಿಲ್ಲ. ಆಮೇಲೆ ಜನರಿಗೆ ತಿಳಿಸಿದರು: ಕವಿ ಐದು ವಾರದ ಹಿಂದೆ, ಜುಲೈ 31ರಂದು, ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತಿದ್ದಾನೆ. ಟ್ರೌಸ್‌ವನಿದ್ ಎಂಬ ಹಳ್ಳಿಯ ಕುರಿ ಸಾಕುವ ಮನೆಯ ಹುಡುಗ, ಎಲಿಸ್ ಎವನ್ಸ್. ಕಾವ್ಯನಾಮ ಹೆದ್ ವಿನ್. 'ಹೆದ್' ಅಂದ್ರೆ ಶಾಂತಿ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿ ಅವನ ಮನೆಗೆ ಕಳಿಸಿದರು. ಆ ಕುರ್ಚಿಯನ್ನು ಕೆತ್ತಿದವನು ಯಾರು ಗೊತ್ತಾ? ಯುದ್ಧಕ್ಕೆ ಹೆದರಿ ಬೆಲ್ಜಿಯಂನಿಂದ ಓಡಿಬಂದಿದ್ದ ಒಬ್ಬ ನಿರಾಶ್ರಿತ ಬಡಗಿ. ಕವಿ ಅವನ ಊರ ಕಡೆ ಹೋಗಿ ಸತ್ತ, ಅವನು ಕವಿಯ ಕಡೆ ಬಂದು ಕುರ್ಚಿ ಕೆತ್ತಿದ. ಇದನ್ನು ಮಗಳು ಊಟ ಮಾಡುತ್ತಾ ಹೇಳಿದಾಗ ನನ್ನ ಕೈಯ ತುತ್ತು ಕೈಯಲ್ಲೇ ಉಳಿದಿತ್ತು.

ಹಾಗಂತ ಇಲ್ಲಿ ಎಲ್ಲ ಚಂದ ಅಂತ ಬರೆದರೆ ಸುಳ್ಳಾಗುತ್ತೆ. ನಮ್ಮ ಮಕ್ಕಳದು ಇಂಗ್ಲಿಷ್ ಮಾಧ್ಯಮ ಶಾಲೆ. ವೆಲ್ಷ್ ಅಲ್ಲೂ ಕಡ್ಡಾಯ, 16 ವರ್ಷದವರೆಗೆ. ಆದರೆ ಅಷ್ಟು ವರ್ಷ ಕಲಿತರೂ ಎಷ್ಟೋ ಜನಕ್ಕೆ ನೆನಪಲ್ಲಿ ಉಳಿಯುವುದು ಒಂದೇ ವಾಕ್ಯ: "ಗಾ ಈ ವಿಂಡ್ ಈರ್ ಟೀ ಬಾಖ್?" ಟಾಯ್ಲೆಟ್‌ಗೆ ಹೋಗಬಹುದಾ ಅಂತ. ಪದಕ್ಕೆ ಪದ ನೋಡಿದರೆ 'ಚಿಕ್ಕ ಮನೆ'ಗೆ ಹೋಗಲಾ ಅಂತ. ಬೇರೆ ಭಾಷೆಯಲ್ಲಿ ಕೇಳಿದರೆ ಮೇಷ್ಟ್ರು ಬಿಡಲ್ಲ, ಅದಕ್ಕೇ ಅದು ಬಾಯಿಗೆ ಬಂದಿದೆ! ಇನ್ನು ಓದಿನ ವಿಷಯ. ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳಿಗೆ ಪೀಸಾ ಅಂತ ಒಂದು ಪರೀಕ್ಷೆ ಇದೆ. 2022ರಲ್ಲಿ ಅದರಲ್ಲಿ ಬ್ರಿಟನ್‌ನ ನಾಲ್ಕು ನಾಡುಗಳಲ್ಲಿ ವೇಲ್ಸ್‌ಗೇ ಕೊನೆಯ ಸ್ಥಾನ. ಗಣಿತದಲ್ಲಿ 466, ಓದಿನಲ್ಲಿ 466, ವಿಜ್ಞಾನದಲ್ಲಿ 473. ಮೂರೂ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಸರಾಸರಿಗಿಂತ ಕೆಳಗೆ. ಸುದ್ದಿಪತ್ರದ ನಗುವ ಫೋಟೋಗಳಲ್ಲಿ ಇದು ಕಾಣಲ್ಲ. ಮಗನ ಗಣಿತದ ಕ್ಲಾಸಿಗೆ ಒಂದು ಇಡೀ ಟರ್ಮ್ ಕಾಯಂ ಮೇಷ್ಟ್ರಿರಲಿಲ್ಲ. ಅದೂ ಆ ಹನ್ನೆರಡು ಪುಟದಲ್ಲಿ ಇರಲಿಲ್ಲ. ಯಜಮಾನರ ಪ್ರಶ್ನೆ ಪೂರ್ತಿ ದಡ್ಡ ಪ್ರಶ್ನೆ ಏನಲ್ಲ.

ಆದರೂ ನನ್ನ ಮನಸ್ಸು ಆ ಕುರ್ಚಿ ಕಡೆಗೇ ವಾಲುತ್ತೆ. ಯಾಕೆ ಅಂತ ಹೇಳ್ತೀನಿ.

ಇವಾನ್ ಆಬ್ ಓವೆನ್ ಎಡ್ವರ್ಡ್ಸ್ ಅಂತ ಒಬ್ಬರಿದ್ದರು. 1922ರಲ್ಲಿ ಅವರು ಮಕ್ಕಳ ಪತ್ರಿಕೆಯೊಂದರಲ್ಲಿ ದುಃಖದಿಂದ ಬರೆದರು. ವೇಲ್ಸ್‌ನ ಮಕ್ಕಳು ಈಗ ಇಂಗ್ಲಿಷ್‌ನಲ್ಲಿ ಆಡುತ್ತಿದ್ದಾರೆ ಅನ್ನುವುದು ಅವರ ಚಿಂತೆ. ಗಮನಿಸಿ, ಇಂಗ್ಲಿಷ್‌ನಲ್ಲಿ ಓದುತ್ತಿದ್ದಾರೆ ಅನ್ನುವುದಷ್ಟೇ ಅಲ್ಲ, *ಆಡುತ್ತಿದ್ದಾರೆ*. ಅದಕ್ಕೇ ಅವರು ಕಟ್ಟಿದ್ದು ಪಾಠಶಾಲೆಯನ್ನಲ್ಲ, 'ಇರ್ದ್' ಎಂಬ ಮಕ್ಕಳ ಸಂಘವನ್ನು. ಕಡಲ ತೀರದಲ್ಲಿ, ಸರೋವರದ ದಡದಲ್ಲಿ ಬೇಸಿಗೆ ಶಿಬಿರ, ಫುಟ್‌ಬಾಲು, ಈಜು, ನಾಟಕ, ಎಲ್ಲ ವೆಲ್ಷ್‌ನಲ್ಲಿ. 1929ರಿಂದ ಮಕ್ಕಳದ್ದೇ ಐಸ್ಟೆದ್‌ವೊಡ್. ಶಾಲೆ ಬಂದದ್ದು ಆಮೇಲೆ. 1939ರಲ್ಲಿ ಅಬೆರಿಸ್ಟ್ವಿತ್‌ನಲ್ಲಿ ಅವರೇ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ತೆಗೆದಾಗ ಇದ್ದದ್ದು ಏಳೇ ಮಕ್ಕಳು, ಒಬ್ಬ ಅವರ ಸ್ವಂತ ಮಗ. ಮೊದಲ ವೆಲ್ಷ್ ಹೈಸ್ಕೂಲ್ 1956ರಲ್ಲಿ ಉತ್ತರದ ರಿಲ್‌ನಲ್ಲಿ ಬಂತು. ಇವತ್ತು ಕಾರ್ಡಿಫ್ ಒಂದರಲ್ಲೇ ಅಂಥ ಮೂರು ಹೈಸ್ಕೂಲ್ ಇವೆ. ಮನೆಯಲ್ಲಿ ಒಂದಕ್ಷರ ವೆಲ್ಷ್ ಬರದ ತಂದೆತಾಯಿಯ ಮಕ್ಕಳೇ ಅಲ್ಲಿ ತುಂಬ ಇದ್ದಾರೆ.

ಇರ್ದ್‌ನ ಆ ಮಕ್ಕಳ ಐಸ್ಟೆದ್‌ವೊಡ್ ಪ್ರತಿ ವರ್ಷ ಮೇ ಕೊನೆಯ ವಾರ, ಒಂದೊಂದು ವರ್ಷ ಒಂದೊಂದು ಕಡೆ. 2025ರಲ್ಲಿ ಪೋರ್ಟ್ ಟಾಲ್ಬಟ್ ಹತ್ತಿರದ ಮಾರ್ಗಮ್ ಪಾರ್ಕ್‌ನಲ್ಲಿ ಇತ್ತು. ಅದಕ್ಕೆ ಇಟ್ಟ ಹೆಸರು 'ಉಕ್ಕು ಮತ್ತು ಕಡಲು'. ಅಲ್ಲಿನ ಟಾಟಾ ಉಕ್ಕಿನ ಕಾರ್ಖಾನೆಯ ಕೊನೆಯ ಕುಲುಮೆ ಆರಿದ್ದು 2024ರ ಸೆಪ್ಟೆಂಬರ್ 30ರಂದು. ಎಂಟು ತಿಂಗಳಾಗಿರಲಿಲ್ಲ, ಅದೇ ಊರಿನ ಪಕ್ಕದಲ್ಲಿ ಮಕ್ಕಳು ಹಾಡಿದರು. ಟಾಟಾ ಅನ್ನುವ ಹೆಸರು ಇಲ್ಲಿ ಕೇಳುವಾಗ ಬೇರೆ ಥರ ಕೇಳುತ್ತೆ. ಅದು ಬೇರೆಯೇ ಪೋಸ್ಟ್, ಇನ್ನೊಮ್ಮೆ ಬರೆಯುತ್ತೇನೆ.

ಆಟೋಟದ ಬಗ್ಗೆ ಜಾಸ್ತಿ ಹೇಳಲ್ಲ, ಇಲ್ಲಿ ಅದಕ್ಕೆ ಮಾತು ಬೇಕಿಲ್ಲ. ಕಾರ್ಡಿಫ್‌ನ ವಿಟ್‌ಚರ್ಚ್ ಹೈಸ್ಕೂಲ್ ಒಂದರಿಂದಲೇ ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ ಫುಟ್‌ಬಾಲ್ ಆಟಗಾರ ಗ್ಯಾರೆತ್ ಬೇಲ್, ರಗ್ಬಿ ನಾಯಕ ಸ್ಯಾಮ್ ವಾರ್ಬರ್ಟನ್, 2018ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಜೆರೇಂಟ್ ಥಾಮಸ್, ಮೂವರೂ ಬಂದರು. ಸರ್ಕಾರಿ ಶಾಲೆ ಅದು. ಬೇಲ್ ಆಟದಲ್ಲಿ ಉಳಿದ ಮಕ್ಕಳಿಗೆ ಏನೂ ಉಳಿಸುತ್ತಿರಲಿಲ್ಲವಂತೆ. ಅದಕ್ಕೆ ಮೇಷ್ಟ್ರು, ಎಡಗಾಲು ಬಳಸುವ ಹಾಗಿಲ್ಲ ಅಂತ ಅವನಿಗೆ ಮಾತ್ರ ರೂಲ್ ಮಾಡಿದ್ದರು. ನಮ್ಮ ಮನೆಯ ಸಾಧನೆ ಇದರ ಮುಂದೆ ಸಣ್ಣದು. ಮಗ ಡ್ಯೂಕ್ ಆಫ್ ಎಡಿನ್‌ಬರೋ ಎಂಬ, ಚಾರಣ ಸಮಾಜಸೇವೆ ಎಲ್ಲ ಮಾಡಿಸುವ ಯೋಜನೆಯ ಕಂಚಿನ ಪದಕಕ್ಕೆ ಅಂತ ಬನ್ನೈ ಬ್ರಖೈನ್ಯೋಗ್ ಬೆಟ್ಟದಲ್ಲಿ ಎರಡು ದಿನ ನಡೆದು, ದಾರಿ ತಪ್ಪಿ, ಮಳೆಯಲ್ಲಿ ಟೆಂಟ್ ಹಾಕಿ, ಸಣ್ಣ ಒಲೆಯ ಮೇಲೆ ಎಂಟಿಆರ್ ಬಿಸಿಬೇಳೆಬಾತ್ ಪ್ಯಾಕೆಟ್ ಬಿಸಿ ಮಾಡಿ ಐದು ಜನರಿಗೆ ಹಂಚಿದ. ಅದೇ ಪದಕಕ್ಕೆ ಮೂರು ತಿಂಗಳು, ವಾರಕ್ಕೆ ಒಂದು ಗಂಟೆ, ಚಾರಿಟಿ ಅಂಗಡಿಯಲ್ಲಿ ಹಳೇ ಬಟ್ಟೆ ಮಡಚಿದ. ಮನೆಯಲ್ಲಿ ಇವತ್ತಿಗೂ ಮಡಚಲ್ಲ.

ಈಗ ನಮ್ಮೂರಿಗೆ ಬರುತ್ತೇನೆ, ಬೈಯಬೇಡಿ. ಮೇ ತಿಂಗಳಲ್ಲಿ ಊರಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫ್ಲೆಕ್ಸ್ ಫೋಟೋ ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಇಷ್ಟಿಷ್ಟು ತೆಗೆದ ಮಕ್ಕಳ ಸಾಲು ಸಾಲು ಮುಖ. ಕೆಳಗೆ ಇನ್ನೊಂದು ಸಾಲು: ಕನ್ನಡದಲ್ಲಿ 125ಕ್ಕೆ 125 ತೆಗೆದವರು. ಖುಷಿಯಾಯಿತು, ಸುಳ್ಳಲ್ಲ. ಆಮೇಲೆ ಯೋಚನೆ ಬಂತು. ಕನ್ನಡದಲ್ಲಿ ಪೂರ್ತಿ ಮಾರ್ಕ್ಸ್ ತೆಗೆದವರ ಮುಖ ಊರಿಗೆಲ್ಲ ಗೊತ್ತು. ಅದೇ ಶಾಲೆಯಲ್ಲಿ ಕನ್ನಡದಲ್ಲಿ ಒಂದು ಒಳ್ಳೇ ಪದ್ಯ ಬರೆದ ಮಗು ಯಾರು? ಗೊತ್ತಿಲ್ಲ. ಪ್ರತಿಭಾ ಕಾರಂಜಿ ಇದೆ, ಒಪ್ಪುತ್ತೇನೆ. ನಾನೂ ಅಂಥ ವೇದಿಕೆಗಳಲ್ಲಿ ನಡುಗಿಕೊಂಡು ಭಾಷಣ ಮಾಡಿದವಳೇ. ಆದರೆ ಗೆದ್ದವರಿಗೆ ಒಂದು ಸರ್ಟಿಫಿಕೇಟು, ಒಂದು ಸ್ಟೀಲ್ ಡಬ್ಬಿ, ಮುಗೀತು. ಮಾರನೇ ದಿನ "ಅದೆಲ್ಲ ಸಾಕು, ಓದ್ಕೋ". ಪದ್ಯ ಬರೆದ ಮಗುವಿಗಾಗಿ ಇಡೀ ಶಾಲೆ ಉಸಿರು ಬಿಗಿಹಿಡಿದು ಕಾದದ್ದನ್ನು ನಾನು ಅಲ್ಲಿ ನೋಡಿಲ್ಲ. ಕನ್ನಡಕ್ಕೆ ಮಾರ್ಕ್ಸ್ ಕೊಟ್ಟೆವು, ಕುರ್ಚಿ ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

ಮಗಳು ಈ ಸಲ ಪದ್ಯ ಓದುವ ಸ್ಪರ್ಧೆಯಲ್ಲಿದ್ದಳು. ಮೂರನೇ ಬಹುಮಾನ. ಸಾಗರದಲ್ಲಿರುವ ನನ್ನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಓದಿ ತೋರಿಸಿದಳು. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ವೆಲ್ಷ್ ಒಂದಕ್ಷರ ಗೊತ್ತಿಲ್ಲ. ಕಣ್ಣು ಮುಚ್ಚಿ ಕೇಳಿ, "ಪುಟ್ಟಿ, ಇನ್ನೊಂದ್ಸಲ ಓದು" ಅಂದರು. ಓದಿದಳು. "ಸಾಲಿನ ಮೊದಲರ್ಧದಲ್ಲಿ ಬಂದ ವ್ಯಂಜನಗಳೇ ಎರಡನೇ ಅರ್ಧದಲ್ಲಿ ಅದೇ ಸಾಲಾಗಿ ವಾಪಸ್ ಬರ್ತಾ ಇವೆಯಲ್ಲೇ?" ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದೇ ಇವರ ಹಳೇ ಛಂದಸ್ಸಿನ ಕಟ್ಟು, 'ಕಂಗ್‌ಹಾನೆದ್' ಅಂತಾರೆ. ಅಪ್ಪನಿಗೆ ಖುಷಿಯೋ ಖುಷಿ. ನಮ್ಮ ಹಳಗನ್ನಡದ ದ್ವಿತೀಯಾಕ್ಷರ ಪ್ರಾಸದ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು, ಪ್ರತಿ ಸಾಲಿನ ಎರಡನೇ ಅಕ್ಷರ ಹೇಗೆ ಹಿಡಿದಿಡಬೇಕು ಅಂತ. ಅವಳು ಅಲುಗಾಡದೆ ಕೂತು ಕೇಳಿದಳು. ನಾನು ಕನ್ನಡ ಕಲಿ ಅಂತ ಕೂರಿಸಿದರೆ ಐದು ನಿಮಿಷಕ್ಕೆ 'ಟೀ ಬಾಖ್' ನೆನಪಾಗುವ ಹುಡುಗಿ.

ಮುಂದಿನ ಮಾರ್ಚ್‌ಗೆ ಅವಳೂ ಪದ್ಯ ಕಳಿಸುತ್ತಾಳಂತೆ. ಪದ್ಯ ಇನ್ನೂ ಬರೆದಿಲ್ಲ, ಗುಟ್ಟಿನ ಹೆಸರು ಮೊದಲು ಬೇಕಂತೆ. ಅಜ್ಜನನ್ನು ಕೇಳಿದಳು. ಅವರು ಬೇಂದ್ರೆಯವರು ಅಂಬಿಕಾತನಯದತ್ತ ಆದ ಕತೆಯಿಂದ ಶುರು ಮಾಡಿ ಮೂರು ಹೆಸರು ಕೊಟ್ಟರು. ಎರಡನ್ನು ಇವಳು ಬೇಡ ಅಂದಳು, ಇಲ್ಲಿನವರ ಬಾಯಲ್ಲಿ ನಿಲ್ಲಲ್ಲವಂತೆ. "ನಾಲಿಗೆ ಮಡಚಿ ಅಷ್ಟುದ್ದದ ಊರ ಹೆಸರು ಹೇಳೋ ಜನಕ್ಕೆ ನಿನ್ನ ಹೆಸರು ಕಷ್ಟನಾ?" ಅಂತ ನಾನು ಕೇಳಿದೆ. ಯೋಚನೆ ಮಾಡಿ ಮೂರನೆಯದನ್ನು ಇಟ್ಟುಕೊಂಡಿದ್ದಾಳೆ. ಅಪ್ಪಟ ಮಲೆನಾಡಿನ ಹೆಸರು, ತೀರ್ಪುಗಾರರು ಅದನ್ನು ಹೇಗೆ ಕರೆಯುತ್ತಾರೋ ನೋಡಬೇಕು. ಅದೇನು ಅಂತ ಕಾಮೆಂಟಿನಲ್ಲಿ ಕೇಳಬೇಡಿ, ಹೇಳೋ ಹಾಗಿಲ್ಲ. ನನ್ನ ಪೋಸ್ಟ್‌ಗಳನ್ನು ಅವಳು ಟ್ರಾನ್ಸ್‌ಲೇಟ್ ಹಾಕಿಕೊಂಡು ಓದುತ್ತಾಳೆ.