ಆ ರಾಜೀನಾಮೆ ಪತ್ರ ನಾನು ಟೈಪ್ ಮಾಡಿಕೊಡಲಿಲ್ಲ

ಸುರತ್ಕಲ್‌ನಲ್ಲಿ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ. ಕಳೆದ ತಿಂಗಳು ಒಂದು ಸಂಜೆ, ಜೋರು ಮಳೆ. ಬೈಕಂಪಾಡಿ ಕಡೆ ಕೆಲಸ ಮಾಡುವ ಒಬ್ಬರು ಒದ್ದೆ ರೈನ್‌ಕೋಟ್‌ನಲ್ಲೇ ಒಳಗೆ ಬಂದು ಮೊಬೈಲ್ ಮುಂದೆ ಹಿಡಿದರು. "ಅಕ್ಕ, ಇದನ್ನು ಹೀಗೇ ಟೈಪ್ ಮಾಡಿ ಒಂದು ಪ್ರಿಂಟ್ ಕೊಡಿ."

ವಾಟ್ಸಾಪ್‌ನಲ್ಲಿ ಬಂದ ಫೋಟೊ. "ವೈಯಕ್ತಿಕ ಕಾರಣಗಳಿಂದ ನಾನು ಸ್ವಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ." ಕೆಳಗೆ ಹೆಸರು ಬರೆಯಲು ಖಾಲಿ ಜಾಗ.

"ನೀವೇ ಬಿಡುವುದಾ?" ಅಂತ ಕೇಳಿದೆ.

"ಇಲ್ಲ ಅಕ್ಕ. ಆರ್ಡರ್ ಇಲ್ಲ ಅಂತ ನಮ್ಮ ಲೈನೇ ಬಂದ್ ಮಾಡಿದ್ದಾರೆ. ಈ ಲೆಟರ್ ಕೊಟ್ಟರೆ ಬಾಕಿ ಸಂಬಳ ಬೇಗ ಹಾಕ್ತಾರಂತೆ."

ನನ್ನ ಕೈ ಕೀಬೋರ್ಡ್ ಮೇಲೆ ಹಾಗೇ ನಿಂತಿತು. ಇಂಥ ಪತ್ರಗಳನ್ನು ಹಿಂದೆ ನಾನೇ ಎಷ್ಟೋ ಮಂದಿಗೆ ಟೈಪ್ ಮಾಡಿಕೊಟ್ಟಿದ್ದೇನೆ. ಅದರಿಂದ ಅವರು ಏನು ಕಳೆದುಕೊಳ್ಳುತ್ತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವರ ಪೇ ಸ್ಲಿಪ್ ತೆಗೆಸಿ ನೋಡಿದೆ. ಸಂಬಳ 16,000. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, 120 ರೂಪಾಯಿ ಕಟ್. ಅದು 0.75 ಶೇಕಡಾ. ಕಂಪನಿ ತನ್ನ ಕಡೆಯಿಂದ 3.25 ಶೇಕಡಾ, ಅಂದರೆ 520 ಕಟ್ಟಬೇಕು. "ಇದು ಆಸ್ಪತ್ರೆಗೆ ಅಲ್ವಾ?" ಅಂದರು. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ.

ಆಸ್ಪತ್ರೆಗೆ ಮಾತ್ರ ಅಲ್ಲ. 2018ರ ಜುಲೈಯಿಂದ ಇಎಸ್‌ಐಯಲ್ಲಿ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇದೆ. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧ, 90 ದಿನದವರೆಗೆ, ಜೀವಮಾನದಲ್ಲಿ ಒಮ್ಮೆ. ಮೊದಲು ಕಾಲು ಭಾಗ ಇತ್ತು, ಕೊರೊನಾ ವರ್ಷದಲ್ಲಿ ಅರ್ಧ ಮಾಡಿದರು. ಕೆಲಸ ಹೋಗಿ 30 ದಿನ ಆದ ಮೇಲೆ ನಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಎರಡು ವರ್ಷದ ಸಂಬಳವನ್ನು 730ರಿಂದ ಭಾಗಿಸಿ ದಿನದ ಲೆಕ್ಕ ತೆಗೆಯುತ್ತಾರೆ. ಇವರಿಗೆ ದಿನಕ್ಕೆ ಸುಮಾರು 263 ರೂಪಾಯಿ, ಒಟ್ಟು 23 ಸಾವಿರದ ಮೇಲೆ ಬರುತ್ತದೆ. ಜೂನ್‌ನಲ್ಲಿ ಕೆಲಸ ಹೋದ ಮನೆಗೆ ಅದು ಮಕ್ಕಳ ಫೀಸು, ಅಕ್ಕಿ, ಬಾಡಿಗೆ.

ಷರತ್ತು ಇದೆ. ಎರಡು ವರ್ಷ ಇಎಸ್‌ಐಯಲ್ಲಿ ಇರಬೇಕು. ಎಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಹೀಗೆ ಆರಾರು ತಿಂಗಳ ಲೆಕ್ಕ. ಕೆಲಸ ಹೋಗುವ ಮೊದಲಿನ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ದುಡ್ಡು ಕಟ್ಟಿರಬೇಕು. ತಪ್ಪು ಮಾಡಿ ತೆಗೆದುಹಾಕಿದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡವರಿಗೆ ಇಲ್ಲ.

ಹಾಗಿರುವಾಗ "ಸ್ವಇಚ್ಛೆಯಿಂದ" ಅಂತ ನಮ್ಮ ಕೈಯಿಂದಲೇ ಯಾಕೆ ಬರೆದುಕೊಡಬೇಕು? ಕೆಲಸ ಇಲ್ಲ ಅಂತ ಕಾರ್ಮಿಕರನ್ನು ಕಳಿಸುವುದಾದರೆ, ಒಂದು ವರ್ಷ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು ಅಂತ ಕಾನೂನಿದೆ. ಇವರದ್ದು ಆರು ವರ್ಷ. 90 ದಿನದ ಸಂಬಳ! ರಾಜೀನಾಮೆ ಕೊಟ್ಟರೆ ಅದನ್ನು ಕೇಳುವುದೇ ಕಷ್ಟ. ಬಾಕಿ ಸಂಬಳ ಹೇಗೂ ಕೊಡಲೇಬೇಕು, ಅದಕ್ಕೆ ಪತ್ರದ ಅಗತ್ಯ ಇಲ್ಲ.

ಅಂಗಡಿಗೆ ಬರುವವರು ಜಾಸ್ತಿ ಕೇಳುವುದು ಯುವನಿಧಿ. ಅದು ಈಗಷ್ಟೇ ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ. ಹತ್ತು ವರ್ಷ ದುಡಿದು ಕೆಲಸ ಕಳೆದುಕೊಂಡವರಿಗೆ ಅಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ. ಇಎಸ್‌ಐಯ ಈ ಯೋಜನೆ ಪ್ರಾಯೋಗಿಕವಾಗಿ ಶುರುವಾಗಿ ಆಗಾಗ ಮುಂದುವರಿಯುತ್ತಾ ಬಂದಿದೆ. ಹಾಗಾಗಿ ಅರ್ಜಿಗೆ ಮೊದಲು ಇಎಸ್‌ಐ ಶಾಖೆಯಲ್ಲಿ ಒಮ್ಮೆ ವಿಚಾರಿಸಿ. ಆದರೆ ಇದು ಕಾಯಂ ಆಗಬೇಕು. ಕೊನೆಯ ದಿನ ಕಂಪನಿಯೇ ಇದರ ಮಾಹಿತಿಯನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು. ತಿಂಗಳು ತಿಂಗಳು ಕಾರ್ಮಿಕರ ಸಂಬಳದಿಂದಲೂ ದುಡ್ಡು ಕಟ್ ಆಗಿದೆ ಅಲ್ವಾ?

ಅವತ್ತು ಅವರು ಪ್ರಿಂಟ್ ಇಲ್ಲದೆ ಹೋದರು. ಪತ್ರ ಕೊಡುವುದಿಲ್ಲ ಅಂತ ಕಂಪನಿಯಲ್ಲಿ ಹೇಳಿದರಂತೆ. ಜೊತೆಯಲ್ಲಿದ್ದ ಇನ್ನೂ ಮೂವರು ಕೊಟ್ಟಿಲ್ಲ. ಉಳಿದವರು ಆಗಲೇ ಸಹಿ ಹಾಕಿ ಆಗಿತ್ತು. ಬರುವ ಸೋಮವಾರಕ್ಕೆ ಇವರಿಗೆ 30 ದಿನ ತುಂಬುತ್ತದೆ. ಆಧಾರ್, ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್ ಹಿಡಿದುಕೊಂಡು ಬೆಳಿಗ್ಗೆಯೇ ಬನ್ನಿ ಅಂದಿದ್ದೇನೆ.