ಸುಬ್ಬು ಮನೆ ಹಿಡಿದದ್ದು

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ನೀರಿನ ಟ್ಯಾಂಕರು, ಪಾರ್ಕಿಂಗು ಹಾಗೂ ಸೋರುವ ಟೆರೇಸು ಎಂಬ ಶಾಶ್ವತ ವಿಷಯಗಳ ಸಾಲಿಗೆ ನಮ್ಮ ಗಂಡುಬೆಕ್ಕು ಸುಬ್ಬುವೂ ಸೇರಿಕೊಂಡದ್ದು ಅದಕ್ಕೆ ವರ್ಷ ತುಂಬುವ ಹೊತ್ತಿಗೆ. ಅದು ರಾತ್ರಿಯಿಡೀ ಕಾಂಪೌಂಡ್ ಗೋಡೆಯ ಮೇಲೆ ಕೂತು ಅರಚುತ್ತದೆ, ಎದುರು ವಿಂಗಿನ ಕರಿಬೆಕ್ಕಿನೊಡನೆ ಕಾದಾಡುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕಾರ್ಯದರ್ಶಿಗಳ ಸ್ಕೂಟರಿಗೆ ಬೆನ್ನು ತಿರುಗಿಸಿ, ಬಾಲವನ್ನು ನೆಟ್ಟಗೆ ಎತ್ತಿ, ಅದರ ತುದಿಯನ್ನು ಸಣ್ಣಗೆ ನಡುಗಿಸುತ್ತ ಮೂತ್ರ ಸಿಂಪಡಿಸುತ್ತದೆ ಎಂಬುದು ದೂರು. ಬೀಜವುಳ್ಳ ಗಂಡುಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲ ಹೇರಳವಾಗಿರುತ್ತದೆ. ಅದು ಒಡೆದಾಗ ಏಳುವ ಘಾಟು ಹೆಣ್ಣುಬೆಕ್ಕುಗಳಿಗೆ ಆಮಂತ್ರಣ ಪತ್ರಿಕೆ, ಗಂಡುಗಳಿಗೆ ನೋಟೀಸು. ಕಾರ್ಯದರ್ಶಿಗಳು ಮಾತ್ರ ಆಫೀಸಿನಲ್ಲಿ ತಮ್ಮ ಪಕ್ಕದ ಕುರ್ಚಿ ಯಾಕೆ ಖಾಲಿಯಾಗುತ್ತಿದೆ ಎಂದು ಬಹಳ ದಿನ ಯೋಚಿಸಿದ್ದರಂತೆ.

ಸಭೆಯ ಠರಾವಿಗೆ ಬಗ್ಗದ ನಾವು ಸುಬ್ಬುವಿನ ಕೆನ್ನೆಗೆ ಬಗ್ಗಬೇಕಾಯಿತು. ಕರಿಬೆಕ್ಕಿನ ಕೋರೆಹಲ್ಲು ಮಾಡಿದ ಸಾಸಿವೆಯಷ್ಟು ತೂತು ಮೇಲಿನಿಂದ ಮುಚ್ಚಿಕೊಂಡು, ಒಳಗೆ ಕೀವು ಕಟ್ಟಿ, ಮುಖದ ಒಂದು ಪಕ್ಕ ನಿಂಬೆಹಣ್ಣಿನಷ್ಟು ಊದಿತ್ತು. ಪಶುವೈದ್ಯರು ಕೀವು ತೆಗೆಯುತ್ತ, ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಎಫ್‌ಐವಿ ವೈರಸ್ಸು ಮುಖ್ಯವಾಗಿ ಇಂಥ ಆಳವಾದ ಕಡಿತದಿಂದಲೇ ಹರಡುತ್ತದೆಂದು ತಿಳಿಸಿ, ಗಾಯ ಮಾಗಿದ ಮೇಲೆ ಬೀಜ ತೆಗೆಸಿಬಿಡಿ ಎಂದರು. ಅಮೆರಿಕದ ಹಾರ್ಟ್ ಮತ್ತು ಬ್ಯಾರೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳೆದ ಮೇಲೆ ಈ ಆಪರೇಷನ್ ಆದ ಬೆಕ್ಕುಗಳ ಪೈಕಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ ಅಲೆದಾಟ, ಜಗಳ, ಸಿಂಪಡಣೆ ಮೂರೂ ತಗ್ಗಿದ್ದವು. ಕೆಲವದರಲ್ಲಿ ಬೇಗನೆ, ಉಳಿದವುಗಳಲ್ಲಿ ನಿಧಾನವಾಗಿ. ಆಪರೇಷನ್ನೇನೋ ನಾನು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ನಮ್ಮ ಸುಬ್ಬು ನಿಧಾನಸ್ಥರ ಪಂಗಡಕ್ಕೆ ಸೇರಿದವನು. ರಕ್ತದಲ್ಲಿನ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಬೇಗ ಇಳಿದರೂ ರೂಢಿಯಾದ ನಡವಳಿಕೆ ಬಿಟ್ಟುಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು ಎಂಬುದನ್ನು ಸೊಸೈಟಿಗೆ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಮೂರನೆಯ ಮಹಡಿಯ ಕಾಕುವಿನ ಬೆಕ್ಕು ಮರಿ ಹಾಕಿ, ಅವುಗಳಲ್ಲೊಂದರ ಮೂಗಿನ ಮೇಲೆ ಸುಬ್ಬುವಿನದೇ ಬಿಳಿ ನಾಮ ಕಾಣಿಸಿಕೊಂಡಿತು. ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರ. ಕಾರ್ಯದರ್ಶಿಗಳು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸಿದರೆ ಅದು ಆಪರೇಷನ್ ಆದ ಮರುವಾರಕ್ಕೆ ಬಂದು ನಿಂತಿತು. ಡಾಕ್ಟರಿಗೆ ಕೊಟ್ಟ ದುಡ್ಡು ನೀರಿಗೆ ಹೋಯಿತೆಂದು ಅವರು ಸಾರುತ್ತಿರುವಾಗ, ನಾಳಗಳಲ್ಲಿ ಮೊದಲೇ ಉಳಿದ ವೀರ್ಯಾಣುಗಳಿಂದ ಕೆಲವು ವಾರಗಳವರೆಗೂ ಗರ್ಭ ನಿಲ್ಲಿಸುವ ಸಾಮರ್ಥ್ಯ ಇರಬಹುದೆಂಬ ವಿಜ್ಞಾನವನ್ನು ನಾನು ಲಿಫ್ಟಿನೊಳಗೆ, ಇಬ್ಬರು ಶಾಲಾಮಕ್ಕಳ ಸಮ್ಮುಖದಲ್ಲಿ, ವಿವರಿಸಬೇಕಾಯಿತು.

ಈಗ ಸುಬ್ಬು ಗೋಡೆ ಹತ್ತುವುದಿಲ್ಲ, ಸ್ಕೂಟರಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗೆಂದು ಅವನು ಸಾಧುವಾದನೆಂದು ಯಾರೂ ತಿಳಿಯಬಾರದು. ಕರಿಬೆಕ್ಕು ಕಿಟಕಿಯ ಗ್ರಿಲ್ಲಿಗೆ ಬಂದರೆ ಇಂದಿಗೂ ರೋಮ ನಿಮಿರಿಸಿ ಬುಸುಗುಡುತ್ತಾನೆ, ಪರದೆಯ ಹಿಂದೆ ಹೊಂಚಿ ಕುಳಿತು ನನ್ನ ಯಜಮಾನರ ಹಿಮ್ಮಡಿ ಕಚ್ಚುತ್ತಾನೆ. ಹಾರ್ಮೋನಿನ ಲೆಕ್ಕಕ್ಕೆ ಸೇರದ ಇಂಥ ಚೇಷ್ಟೆಗಳಿಗೆ ವೈದ್ಯರ ಕತ್ತರಿ ತಾಗುವುದಿಲ್ಲ. ಬದಲಿಗೆ ಹಸಿವು ಹೆಚ್ಚಿ, ದೇಹಕ್ಕೆ ಬೇಕಾದ ಆಹಾರದ ಪ್ರಮಾಣ ಮಾತ್ರ ಇಳಿದು, ಅವನು ಅಡ್ಡಡ್ಡ ಬೆಳೆಯುತ್ತಿದ್ದಾನೆ. ವೈದ್ಯರು ಅಳತೆ ಬಟ್ಟಲು ಕೊಟ್ಟು ಊಟ ತಗ್ಗಿಸಲು ಹೇಳಿದ್ದಾರೆ. ನಾನು ಅಳೆದೇ ಹಾಕುತ್ತೇನೆ. ಉಡುಪಿಯಿಂದ ಬಂದಿರುವ ಅತ್ತೆಯವರು ಮೇಜಿನ ಕೆಳಗಿನಿಂದ ಬಂಗುಡೆಯ ತಲೆ ದಾಟಿಸುತ್ತಾರೆ. ಡಾಕ್ಟರು ಬೇಡವೆಂದಿದ್ದಾರಲ್ಲ ಎಂದು ನೆನಪಿಸಿದರೆ, "ಪಾಪ, ಅದಕ್ಕೆ ಇನ್ನು ಬೇರೆ ಯಾವ ಸುಖ ಉಂಟು ಮಾರಾಯ್ತಿ?" ಎನ್ನುತ್ತಾರೆ.