ದೂರದ ದುರಂತಕ್ಕೆ ನಮ್ಮೂರಿನ ದೇಣಿಗೆ: ಪರ–ವಿರೋಧ

ಹೊರದೇಶಗಳಲ್ಲಿ ಭೂಕಂಪ, ಸುನಾಮಿಯಂತಹ ದುರಂತ ಸಂಭವಿಸಿದಾಗ ಮಂಗಳೂರು, ಉಡುಪಿಯ ಸಂಘ-ಸಂಸ್ಥೆಗಳು ದೇಣಿಗೆ ಎತ್ತಿ ಕಳುಹಿಸಬೇಕೆ, ಅಥವಾ ಆ ಹಣ ಊರಿನ ಬಡ ಮಕ್ಕಳಿಗೇ ಸಲ್ಲಬೇಕೆ?

ಪರ: ಮಂಗಳೂರಿನ ಕಾಲೇಜೊಂದರ ಇತಿಹಾಸ ಉಪನ್ಯಾಸಕರು

ಹೊರದೇಶದ ದುರಂತಕ್ಕೆ ನೆರವು ನೀಡಬೇಕು ಎಂಬ ಪಕ್ಷವನ್ನು ವಹಿಸುವಂತೆ ನನ್ನನ್ನು ಕೇಳಿಕೊಂಡಿದ್ದಾರೆ. ಊರಿನ ಮಕ್ಕಳನ್ನು ಮರೆತು ಪರದೇಶಕ್ಕೆ ಹಣ ಕಳುಹಿಸಿ ಎಂದು ವಾದಿಸಲು ನಾನು ಸಿದ್ಧನಿಲ್ಲ. ಆದರೆ ದೂರದವರ ಸಂಕಟ ನಮ್ಮ ಲೆಕ್ಕಕ್ಕೇ ಬರಬೇಕಾಗಿಲ್ಲ ಎಂಬ ಮಾತನ್ನು ಮಂಗಳೂರಿನಲ್ಲಿ ನಿಂತು ಆಡುವುದು ಕಷ್ಟ, ಏಕೆಂದರೆ ಈ ಊರಿನ ಚರಿತ್ರೆಯಲ್ಲಿ ದೂರದವರ ದಾನದ ಪಾಲು ದೊಡ್ಡದು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಅವರು ಧರ್ಮಪ್ರಚಾರಕ್ಕೆಂದೇ ಬಂದವರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಅವರು ತೆರೆದ ಶಾಲೆಗಳ ಹಿಂದೆ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದ ಅವರ ಮುದ್ರಣಾಲಯದ ಹಿಂದೆ, ನೇತ್ರಾವತಿಯನ್ನು ಎಂದೂ ಕಾಣದ ಸಾಮಾನ್ಯ ಕುಟುಂಬಗಳು ಕೊಟ್ಟ ಚಿಲ್ಲರೆ ಕಾಸು ಇತ್ತು. 1880ರಲ್ಲಿ ಜರ್ಮನಿ ಮೂಲದ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ಆರಂಭಿಸಿದರು. ಮುಂದೆ ಕುಷ್ಠರೋಗಿಗಳ ಆಶ್ರಯಧಾಮವೂ ಆಸ್ಪತ್ರೆಯೂ ಅದರಿಂದಲೇ ಬೆಳೆದವು. ಆಗ ಯುರೋಪಿನಲ್ಲಿ ಬಡ ಮಕ್ಕಳಿರಲಿಲ್ಲವೆ? ಇದ್ದರು. ಅಲ್ಲಿನವರು ತಮ್ಮ ಊರಿನ ಬಡತನ ತೀರಲಿ, ಆಮೇಲೆ ನೋಡೋಣ ಎಂದಿದ್ದರೆ ಕಂಕನಾಡಿಗೆ ಏನೂ ಬರುತ್ತಿರಲಿಲ್ಲ. 2001ರ ಜನವರಿ 26ರಂದು ಭೂಕಂಪದಲ್ಲಿ ಭುಜ್ ನೆಲಸಮವಾದಾಗಲೂ ಹಲವು ದೇಶಗಳ ರಕ್ಷಣಾ ತಂಡಗಳು ಗುಜರಾತಿಗೆ ಧಾವಿಸಿದ್ದವು.

ಎರಡನೆಯದಾಗಿ, ದುರಂತಕ್ಕೆ ಕಾಯುವ ಶಕ್ತಿ ಇಲ್ಲ. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾದಲ್ಲಿ ಒಂದೇ ದಿನ 7.8 ಮತ್ತು 7.5 ತೀವ್ರತೆಯ ಎರಡು ಭೂಕಂಪಗಳಾದವು. ತುರ್ಕಿಯೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತರು. ಬದುಕಿ ಉಳಿದವರು ಕೊರೆಯುವ ಚಳಿಯಲ್ಲಿ ಬಯಲಿನಲ್ಲಿದ್ದರು. ಭಾರತ ‘ಆಪರೇಷನ್ ದೋಸ್ತ್’ ಹೆಸರಿನಲ್ಲಿ ರಕ್ಷಣಾ ಪಡೆಯನ್ನು ಕಳುಹಿಸಿ, ಇಸ್ಕೆಂದೆರೂನ್‌ನಲ್ಲಿ ಸೇನೆಯ ಕ್ಷೇತ್ರ ಆಸ್ಪತ್ರೆಯನ್ನು ತೆರೆಯಿತು. ಗುಡಾರ, ಕಂಬಳಿ, ಶುದ್ಧ ನೀರು, ಔಷಧ ಬೇಕಾದದ್ದು ಅದೇ ವಾರದಲ್ಲಿ. ಊರಿನ ಶಾಲೆಯ ಮಾಡು ರಿಪೇರಿಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬಹುದು.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಸುಮಾರು 9,000 ಜನರನ್ನು ಬಲಿ ತೆಗೆದುಕೊಂಡ ಭೂಕಂಪವನ್ನು ಪರದೇಶದ ಸುದ್ದಿ ಎಂದು ಕರೆಯುವುದಾದರೂ ಹೇಗೆ? ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿ, ಅಪಾರ್ಟ್‌ಮೆಂಟುಗಳ ಕಾವಲಿನಲ್ಲಿ ನೇಪಾಳದ ಯುವಕರೇ ಇದ್ದಾರೆ.

ಪಕ್ಕದ ಗ್ರಾಮದ ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆಯಾಗಿ ಅಕ್ಕಿ, ತೆಂಗಿನಕಾಯಿ ಕಳುಹಿಸುವಾಗ ನಮ್ಮ ಗುಡಿಯ ಪಾಲು ಕಡಿಮೆಯಾಯಿತೆಂದು ಯಾರೂ ಗೊಣಗುವುದಿಲ್ಲ. ಅಪರೂಪಕ್ಕೆ ಬರುವ ದೂರದ ಕರೆಗೂ ಅದೇ ಮನಸ್ಸಿನಿಂದ ಒಂದು ಪಾಲು ಕೊಡಬಹುದು. ಉಳಿದದ್ದು ಊರಿಗೇ ಇರಲಿ ಎಂಬುದಕ್ಕೆ ನನ್ನ ವಿರೋಧವಿಲ್ಲ.

ವಿರೋಧ: ಉಡುಪಿ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯಿನಿ

ಉಪನ್ಯಾಸಕರು ಬಾಸೆಲ್ ಮಿಷನ್ನನ್ನೂ ಫಾದರ್ ಮುಲ್ಲರ್ ಅವರನ್ನೂ ಎತ್ತಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ಎರಡೂ ನಿದರ್ಶನಗಳು ನನ್ನ ಕಡೆಗೇ ಸಾಕ್ಷಿ ನುಡಿಯುತ್ತವೆ. ಮಿಷನ್ನಿನವರು ಇಲ್ಲಿ ನೆಲೆಸಿದರು, ಕನ್ನಡ ಮತ್ತು ತುಳುವನ್ನು ಕಲಿತರು, ಯಾವ ಕೇರಿಯ ಯಾವ ಮಗು ಶಾಲೆಗೆ ಬರುತ್ತಿಲ್ಲ ಎಂಬುದನ್ನು ತಿಳಿದುಕೊಂಡರು. ಮುಲ್ಲರ್ ಇಲ್ಲೇ ದುಡಿದು 1910ರಲ್ಲಿ ಇಲ್ಲೇ ತೀರಿಕೊಂಡರು. ಬಸ್ ನಿಲ್ದಾಣದಲ್ಲಿ ಡಬ್ಬಿ ಹಿಡಿದು ಓಡಾಡಿ, ವಾರಾಂತ್ಯದಲ್ಲಿ ಚೆಕ್ ಹಸ್ತಾಂತರಿಸುವ ಚಿತ್ರವನ್ನು ಪತ್ರಿಕೆಗೆ ಕಳುಹಿಸಿ, ಮುಂದೆ ಆ ಹಣದ ಸುದ್ದಿಯನ್ನೇ ಕೇಳದ ನಮ್ಮ ಇಂದಿನ ಪದ್ಧತಿಗೂ ಆ ಸೇವೆಗೂ ಏನು ಸಂಬಂಧ?

ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರನ್ನು ಸಂಕುಚಿತ ಮನಸ್ಸಿನವರೆಂದು ಜರೆಯುವುದು ಸುಲಭ. 2010ರ ಹೈಟಿ ಭೂಕಂಪದ ನಂತರ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಸುಮಾರು 50 ಕೋಟಿ ಡಾಲರ್ ಸಂಗ್ರಹಿಸಿತು. ಆ ಹಣದಲ್ಲಿ ಕಟ್ಟಿದ ಶಾಶ್ವತ ಮನೆಗಳು ಆರು ಮಾತ್ರ ಎಂದು 2015ರಲ್ಲಿ ಅಮೆರಿಕದ ಸುದ್ದಿಸಂಸ್ಥೆಗಳಾದ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ತನಿಖಾ ವರದಿ ಪ್ರಕಟಿಸಿದವು. ಬೇರೆ ರೀತಿಯಲ್ಲಿ ಲಕ್ಷಕ್ಕೂ ಹೆಚ್ಚು ಜನರ ವಸತಿಗೆ ನೆರವಾಗಿದ್ದೇವೆ ಎಂದು ಸಂಸ್ಥೆ ಸಮರ್ಥಿಸಿಕೊಂಡಿತು. ನನಗೆ ಅದು ತೃಪ್ತಿಕರ ಉತ್ತರವಾಗಿ ಕಾಣಲಿಲ್ಲ. 2004ರ ಡಿಸೆಂಬರ್ ಸುನಾಮಿಯಾಗಿ ಒಂದೆರಡು ವಾರ ಕಳೆಯುವ ಮೊದಲೇ ‘ಗಡಿರಹಿತ ವೈದ್ಯರು’ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಸುನಾಮಿ ಪರಿಹಾರಕ್ಕೆ ತನಗೆ ಬೇಕಾದಷ್ಟು ಹಣ ಬಂದಾಗಿದೆ, ಇನ್ನು ಆ ಹೆಸರಿನಲ್ಲಿ ಕೊಡಬೇಡಿ ಎಂದು ದಾನಿಗಳಿಗೆ ತಿಳಿಸಿತು. ದೂರದರ್ಶನದಲ್ಲಿ ಕಂಡ ದುಃಖಕ್ಕೆ ಹಣ ಹರಿದು ಬರುತ್ತದೆ. ಕ್ಯಾಮೆರಾ ಹೋಗದ ಕಡೆಗೆ ಅದು ಹರಿಯುವುದಿಲ್ಲ, ಮತ್ತು ನಮ್ಮ ಶಾಲೆಗೆ ಕ್ಯಾಮೆರಾ ಬಂದದ್ದು ಚುನಾವಣೆಯ ಮತಗಟ್ಟೆ ಇದ್ದಾಗ ಮಾತ್ರ.

ತುರ್ಕಿಯ ಭೂಕಂಪವಾದ ತಿಂಗಳಿನಲ್ಲೇ ಸೇವಾ ಸಂಸ್ಥೆಯೊಂದರ ಪದಾಧಿಕಾರಿಗಳು ನಮ್ಮ ಶಾಲೆಗೂ ಬಂದು ಪ್ರಾರ್ಥನೆಯ ಹೊತ್ತಿನಲ್ಲಿ ಮಾತನಾಡಿ, ತರಗತಿಗೊಂದು ಡಬ್ಬಿ ಇಟ್ಟು ಹೋದರು. ಏಳನೆಯ ತರಗತಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬಳು ಹುಡುಗಿಯಿದ್ದಳು. ತಂದೆ-ತಾಯಿ ಮಣಿಪಾಲದ ಆಸುಪಾಸಿನಲ್ಲಿ ವಸತಿ ಸಮುಚ್ಚಯಗಳ ಕಟ್ಟಡ ಕೆಲಸ ಮಾಡುತ್ತ, ಕೆಲಸ ನಡೆಯುವಲ್ಲೇ ತಗಡಿನ ಶೆಡ್ಡಿನಲ್ಲಿ ವಾಸವಾಗಿದ್ದರು. ನಾಲ್ಕನೆಯ ತರಗತಿಗೆ ಸೇರಿದ ವರ್ಷವೇ ಅವಳು ತುಳು ಮಾತನಾಡಲು ಕಲಿತಿದ್ದಳು. ಭಿನ್ನರಾಶಿಯ ಲೆಕ್ಕವನ್ನು ಅವಳು ಬಿಡಿಸುವ ರೀತಿಯನ್ನು ನೋಡಿಯೇ ನಾನು ಉಳಿದ ಮಕ್ಕಳಿಗೆ ಪಾಠ ಮಾಡುವ ಕ್ರಮವನ್ನು ಬದಲಿಸಿದ್ದೆ. ಡಬ್ಬಿಗೆ ಅವಳೂ ಹಣ ಹಾಕಿದಳು.

ಜೂನ್‌ನಲ್ಲಿ ಶಾಲೆ ಆರಂಭವಾದಾಗ ಅವಳು ಎಂಟನೆಯ ತರಗತಿಗೆ ಎಲ್ಲಿಯೂ ಸೇರಿರಲಿಲ್ಲ. ನಮ್ಮಲ್ಲಿ ಏಳರವರೆಗೆ ಮಾತ್ರ ತರಗತಿಗಳಿವೆ, ಪ್ರೌಢಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಅದೇ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಆದರೆ ಕರಾವಳಿಯ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಆ ದಾರಿಯೂ ಅಂಥದ್ದೇ. ನಾನು ಶೆಡ್ಡಿಗೆ ಹೋದಾಗ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. “ಅಕ್ಕಾವ್ರ, ಇಕಿ ಸಾಲಿಗೆ ಹೋದ್ರ ಈ ಸಣ್ಣವನ್ನ ಯಾರ ನೋಡ್ಬೇಕ್ರಿ?” ಎಂದು ತಾಯಿ ಕೇಳಿದಳು. ಆ ಮಗುವಿಗೆ ಮೂರು ವರ್ಷ ತುಂಬಿರಲಿಲ್ಲವಾದ್ದರಿಂದ ಅಂಗನವಾಡಿಯಲ್ಲಿ ಕೂರಿಸುವಂತಿರಲಿಲ್ಲ. 14 ವರ್ಷದವರೆಗೆ ಶಿಕ್ಷಣ ಮಕ್ಕಳ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಹದಿಮೂರರ ಆ ಹುಡುಗಿಯ ತಮ್ಮನನ್ನು ಯಾರು ನೋಡಿಕೊಳ್ಳಬೇಕೆಂದು ಅದು ಹೇಳುವುದಿಲ್ಲ.

ಬೇಕಾಗಿದ್ದುದು ವರ್ಷದ ಬಸ್ಸಿನ ಖರ್ಚು, ಮತ್ತು ಶೆಡ್ಡಿನಲ್ಲೇ ಇದ್ದ ಒಬ್ಬ ವಯಸ್ಸಾದ ಹೆಂಗಸಿಗೆ ಮಗುವನ್ನು ನೋಡಿಕೊಳ್ಳಲು ತಿಂಗಳಿಗಿಷ್ಟು ಹಣ. ನಾನು ಆ ಸೇವಾ ಸಂಸ್ಥೆಯನ್ನೇ ಕೇಳಿದೆ. ಈ ಸಾಲಿನ ಯೋಜನೆಗಳು ಮುಗಿದಿವೆ, ಜುಲೈಯಲ್ಲಿ ಹೊಸ ಪದಾಧಿಕಾರಿಗಳು ಬರುತ್ತಾರೆ, ಅವರಲ್ಲಿ ವಿಚಾರಿಸಿ ಎಂಬ ಸೌಜನ್ಯದ ಉತ್ತರ ಬಂತು. ನಾವು ಶಿಕ್ಷಕರೇ ಸೇರಿ ಹಣ ಹೊಂದಿಸುವಷ್ಟರಲ್ಲಿ ಆ ಕಟ್ಟಡದ ಕೆಲಸ ಮುಗಿದು, ಮೇಸ್ತ್ರಿ ಅವರನ್ನೆಲ್ಲ ಗೋವಾ ಕಡೆಗೆ ಕರೆದುಕೊಂಡು ಹೋಗಿದ್ದ. ಮಗು ಬೇರೆ ಶಾಲೆಗೆ ಸೇರಿದರೆ ವರ್ಗಾವಣೆ ಪತ್ರ ಕೇಳಿ ಅಲ್ಲಿಂದ ಕಾಗದ ಬರಬೇಕು. ನಾನು ನಿವೃತ್ತಳಾಗುವವರೆಗೂ ಅವಳ ಹೆಸರಿನಲ್ಲಿ ಅಂಥ ಕಾಗದ ಬರಲಿಲ್ಲ.

ದುರಂತಕ್ಕೆ ಕಾಯುವ ಶಕ್ತಿ ಇಲ್ಲ ಎಂದು ಉಪನ್ಯಾಸಕರು ಹೇಳುತ್ತಾರೆ. ಜೂನ್ ತಿಂಗಳಿಗೂ ಇಲ್ಲ. ಊರಿನ ಕೆಲಸವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬಹುದು ಎಂಬ ಮಾತನ್ನು ಶಾಲೆಯಲ್ಲಿ ದುಡಿದವರು ಯಾರೂ ಹೇಳಲಾರರು. ಎರಡು ತಿಂಗಳು ತರಗತಿ ತಪ್ಪಿದ ಹೆಣ್ಣುಮಗು ಮತ್ತೆ ಮರಳಿ ಬಂದದ್ದನ್ನು ನಾನು ಕಂಡದ್ದು ತೀರಾ ವಿರಳ.

ಹತ್ತಿರದಲ್ಲಿ ನಿಂತು ಕೊಡುವವರ ಪರಂಪರೆ ನಮ್ಮಲ್ಲಿ ಇದೆ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು, ಆದರೂ ಬಿಡಲಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗದವರು ‘ವಿದ್ಯಾಪೋಷಕ್’ ಮೂಲಕ ಬಡ ವಿದ್ಯಾರ್ಥಿಗಳನ್ನು ಓದಿಸುವುದಲ್ಲದೆ, ಅವರ ಮನೆಯ ಸ್ಥಿತಿಯನ್ನು ಕಣ್ಣಾರೆ ಕಂಡು ಮನೆಗಳನ್ನೂ ಕಟ್ಟಿಸಿಕೊಡುತ್ತಾರೆ. ಕೂಲಿ ಕೆಲಸ ಮಾಡುವ ರವಿ ಕಟಪಾಡಿ ಅವರು ಕೃಷ್ಣಾಷ್ಟಮಿ ಮತ್ತು ಅದರ ಮರುದಿನದ ವಿಟ್ಲಪಿಂಡಿ ಉತ್ಸವದ ದಿನಗಳಲ್ಲಿ ಮೈಮೇಲೆ ಭಾರವಾದ ವೇಷ ತೊಟ್ಟು ಬೀದಿ ಸುತ್ತಿ, ಬಂದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿದ್ದಾರೆ. ಅವರ ಡಬ್ಬಿಗೆ ಹಾಕಿದ ಹಣ ಯಾವ ಮಗುವಿಗೆ ಹೋಯಿತೆಂದು ಉಡುಪಿಯ ಜನಕ್ಕೆ ಗೊತ್ತಾಗುತ್ತದೆ.

ಸಂಘ-ಸಂಸ್ಥೆಗಳಿಗೆ ನನ್ನ ಕೋರಿಕೆ ಇಷ್ಟು. ಪ್ರತಿ ಸರ್ಕಾರಿ ಶಾಲೆಯೂ ಏಪ್ರಿಲ್ 10ರ ಒಳಗೆ, ಬೇಸಿಗೆ ರಜೆಗೆ ಮೊದಲೇ, ಮುಂದಿನ ತರಗತಿಗೆ ತಲುಪದೆ ಉಳಿಯಬಹುದಾದ ಮಕ್ಕಳ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇಡಲಿ: ಯಾರಿಗೆ ಬಸ್ಸಿನ ಖರ್ಚು ಬೇಕು, ಯಾರಿಗೆ ಕನ್ನಡಕ, ಯಾರ ಮನೆಯಲ್ಲಿ ನೋಡಿಕೊಳ್ಳಬೇಕಾದ ಕೂಸು ಇದೆ. ಡಬ್ಬಿ ಹಿಡಿದು ಹೊರಡುವವರು ಮೊದಲು ಆ ಪಟ್ಟಿಯನ್ನು ಕೇಳಿ ಪಡೆಯಲಿ. ಪಟ್ಟಿಯಲ್ಲಿರುವ ಮಕ್ಕಳೆಲ್ಲ ಜೂನ್ ಕೊನೆಯ ಹಾಜರಿ ಪುಸ್ತಕದಲ್ಲಿ ಕಂಡ ವರ್ಷ, ಉಳಿದ ಹಣವನ್ನು ಕಠ್ಮಂಡುವಿಗಾಗಲಿ ತುರ್ಕಿಗಾಗಲಿ ಕಳುಹಿಸಲು ನನ್ನದೇನೂ ತಕರಾರಿಲ್ಲ.